ಸಂಜೆ ಏಳಕ್ಕೆ ಜೊತೆಗೆ ಯಾರು?

(ಆಗಸ್ಟ್ 1, ವ್ಯಸನಮುಕ್ತ ದಿನದ ನಿಮಿತ್ತ ಬಾಗಲಕೋಟೆಯ ನವನಗರದಲ್ಲಿ ಆಡಿದ ಮಾತುಗಳ ಬರಹ ರೂಪ. ಮಾತನಾಡಿದವರ ಕೋರಿಕೆಯಂತೆ ಅವರ ಹೆಸರು ಹಾಕಿಲ್ಲ.)

ಎಲ್ಲರಿಗೂ ಶರಣು ಶರಣಾರ್ಥಿ.

ಸ್ವಾಗತ ಮಾಡಿದ ಅಕ್ಕನವರು ನನ್ನನ್ನು "ಮುಧೋಳ ತಾಲೂಕಿನಿಂದ ಬಂದವರು" ಎಂದಷ್ಟೇ ಕರೆದರು. ಹಾಗೆ ಕರೆಯಿರಿ ಎಂದು ಕೇಳಿಕೊಂಡವನು ನಾನೇ. ಈ ಮಾತು ಮುಂದೆ ಅಚ್ಚಾಗುತ್ತದೆ ಎಂದಿದ್ದಾರೆ. ನಾನು ಹೋಗುವುದು ಕುಡಿತ ಬಿಡಲು ಕುಡುಕರೇ ಒಬ್ಬರಿಗೊಬ್ಬರು ನೆರವಾಗುವ ಆಲ್ಕೊಹಾಲಿಕ್ಸ್ ಅನಾನಿಮಸ್ ಸಭೆಗಳಿಗೆ, ನಾವು ಅದನ್ನು ಎಎ ಅನ್ನುತ್ತೇವೆ. ಅಲ್ಲಿಯವರು ಪತ್ರಿಕೆಯಲ್ಲಿ, ರೇಡಿಯೋದಲ್ಲಿ ಹೆಸರು ಹೇಳಿಕೊಳ್ಳಬಾರದೆಂಬ ರೂಢಿ ಇದೆ. ಅದನ್ನು ಮುರಿಯಲು ನನಗೆ ಮನಸ್ಸಿಲ್ಲ. ನಾನು ಸಕ್ಕರೆ ಕಾರ್ಖಾನೆಯೊಂದರ ವೇಬ್ರಿಜ್ಜಿನಲ್ಲಿ ಕಬ್ಬಿನ ಗಾಡಿ ತೂಗುವ ಗುಮಾಸ್ತ. ಹದಿನೇಳು ವರ್ಷ ಕುಡಿದೆ. ಈಗ ಒಂಬತ್ತು ವರ್ಷದಿಂದ ಕುಡಿದಿಲ್ಲ. ಇಷ್ಟು ಗೊತ್ತಾದರೆ ಸಾಕು.

ಕುಡಿತ ಬಿಡುವುದು ಹೇಗೆ ಅನ್ನುವುದರ ಮೇಲೆ ಮಾತಾಡಿ ಎಂದು ಪತ್ರದಲ್ಲಿ ಬರೆದಿದ್ದರು. ನಾನು ಸ್ವಲ್ಪ ಬದಲಿಸಿ, ಬಿಟ್ಟ ಮೇಲೆ ಎಲ್ಲಿಗೆ ಹೋಗಬೇಕು ಅನ್ನುವುದರ ಬಗ್ಗೆ ಮಾತಾಡುತ್ತೇನೆ. ಯಾಕೆಂದರೆ ಬಿಡುವುದನ್ನು ನಾನು ಬಹಳ ಸಲ ಮಾಡಿದ್ದೇನೆ.

ಇವತ್ತಿನ ದಿನ ಯಾರದು ಎಂಬುದು ಈ ಜಿಲ್ಲೆಯವರಿಗೆ ಹೇಳಬೇಕಾಗಿಲ್ಲ. ಇಳಕಲ್ಲಿನ ಚಿತ್ತರಗಿ ವಿಜಯಮಹಾಂತೇಶ ಮಠದ ಡಾ. ಮಹಾಂತ ಸ್ವಾಮಿಗಳು 1975ರಲ್ಲಿ ಜೋಳಿಗೆ ಹಿಡಿದು ಹೊರಟರು. ಜೋಳ ಬೇಡ, ದುಡ್ಡು ಬೇಡ, ನಿಮ್ಮ ಚಟ ಭಿಕ್ಷೆ ಹಾಕಿರಿ ಎಂದರು. 2018ರಲ್ಲಿ ಲಿಂಗೈಕ್ಯರಾಗುವ ತನಕ ಅವರು ಆ ಕೆಲಸ ಬಿಡಲಿಲ್ಲ. ಅವರ ಹುಟ್ಟುಹಬ್ಬವೇ ಈಗ ವ್ಯಸನಮುಕ್ತ ದಿನ. ನಮ್ಮಪ್ಪ ಆ ಜೋಳಿಗೆಯಲ್ಲಿ ಬೀಡಿ ಕಟ್ಟು ಹಾಕಿದವನು. ಕಟ್ಟಿನ ಜೊತೆ ಕಡ್ಡಿಪೆಟ್ಟಿಗೆಯನ್ನೂ ಹಾಕಿದ್ದ. ಸಾಯುವವರೆಗೆ ಮತ್ತೆ ಬೀಡಿ ಮುಟ್ಟಲಿಲ್ಲ.

ಅದೇ ಜೋಳಿಗೆಗೆ ನಾನೂ ಕೈ ಚಾಚಿದೆ. ಕಿಸೆಯಲ್ಲಿದ್ದ ಕ್ವಾರ್ಟರ್ ಬಾಟಲಿ ಹಾಕಿ, ನಾವು ಅಜ್ಜಾರು ಅನ್ನುವ ಆ ಸ್ವಾಮಿಗಳ ಕಾಲಿಗೆ ಬಿದ್ದು ಅತ್ತೆ. ಇಪ್ಪತ್ತೆರಡು ದಿನ ಬಿಟ್ಟಿದ್ದೆ. ಕೂಡಲಸಂಗಮದಲ್ಲಿ ಹೊಳೆಯೊಳಗೆ ನಿಂತು ಆಣೆ ಮಾಡಿದೆ. ಯಲ್ಲಮ್ಮನ ಗುಡ್ಡದಲ್ಲಿ ಆಣೆ ಮಾಡಿದೆ. ಮಗನ ತಲೆ ಮೇಲೆ ಕೈ ಇಟ್ಟೂ ಆಣೆ ಮಾಡಿದೆ, ಆಗ ಅವನಿಗೆ ನಾಲ್ಕು ವರ್ಷ. 2007ರ ಜುಲೈ 1ಕ್ಕೆ ಸರಾಯಿ ಪಾಕೀಟು ಬಂದಾದಾಗ ನಮ್ಮವ್ವ ಗುಡಿಗೆ ಹೋಗಿ ಕಾಯಿ ಒಡೆಸಿಕೊಂಡು ಬಂದಳು. ನಾನು ವೈನ್ ಶಾಪಿನ ಕಡೆ ಹೊರಳಿದೆ. ಖರ್ಚು ಹೆಚ್ಚಾಯಿತು, ಕುಡಿತ ಅಷ್ಟೇ ಉಳಿಯಿತು.

ಇದರಲ್ಲಿ ಅಜ್ಜಾರ ತಪ್ಪಿಲ್ಲ, ದೇವರ ತಪ್ಪಿಲ್ಲ. ಆಣೆ ಮಾಡುವಾಗ ನಾನು ಸುಳ್ಳು ಹೇಳುತ್ತಿರಲಿಲ್ಲ, ಅದನ್ನು ದಯಮಾಡಿ ನಂಬಿರಿ. ನಿಮ್ಮ ಮನೆಯವನೂ ಆಣೆ ಮಾಡುವಾಗ ಬಹುತೇಕ ಸುಳ್ಳು ಹೇಳುತ್ತಿರುವುದಿಲ್ಲ. ಆದರೆ ಆಣೆ ಮಾಡುವುದು ಮುಂಜಾನೆ, ಸ್ನಾನ ಮಾಡಿ, ನಾಲ್ಕು ಜನರ ನಡುವೆ. ಕುಡಿತ ಕರೆಯುವುದು ಸಂಜೆ ಏಳಕ್ಕೆ. ಶಿಫ್ಟ್ ಮುಗಿದಿರುತ್ತದೆ, ಮೈಗೆ ಕಾಕಂಬಿಯ ವಾಸನೆ ಮೆತ್ತಿರುತ್ತದೆ, ಗೇಟಿನ ಎದುರು ಅಂಗಡಿಯ ಟ್ಯೂಬ್‌ಲೈಟ್ ಹೊತ್ತಿರುತ್ತದೆ. ಆ ಹೊತ್ತಿನಲ್ಲಿ ನನ್ನ ಜೊತೆ ಯಾರೂ ಇರುತ್ತಿರಲಿಲ್ಲ. ನನಗೆ ಬೇಕಾಗಿದ್ದದ್ದು ಇನ್ನೊಂದು ಆಣೆಯಲ್ಲ, ಆ ಏಳು ಗಂಟೆಗೆ ಹೋಗಲು ಒಂದು ಜಾಗ. ಇಷ್ಟು ತಿಳಿಯಲು ನನಗೆ ಹದಿನೇಳು ವರ್ಷ ಬೇಕಾಯಿತು.

ಜಾಗದ ಮಾತಿಗೆ ಹೋಗುವ ಮುಂಚೆ ಜೀವ ಉಳಿಸುವ ಮಾತೊಂದು ಹೇಳಲೇಬೇಕು, ಅಕ್ಕಂದಿರು ಲಕ್ಷ್ಯ ಕೊಟ್ಟು ಕೇಳಬೇಕು. ವರ್ಷಗಟ್ಟಲೆ ದಿನವೂ ಕುಡಿಯುವವನು ಒಮ್ಮೆಲೇ ಬಿಟ್ಟರೆ ಅಪಾಯ. ಒಂದು ಶಿವರಾತ್ರಿಗೆ ಉಪವಾಸದ ಜೊತೆ ಕುಡಿತವನ್ನೂ ನಿಲ್ಲಿಸಿದೆ. ಸಂಜೆಯ ಹೊತ್ತಿಗೆ ಕೈ ನಡುಗಿ ನೀರಿನ ಚರಿಗೆ ಹಿಡಿಯಲಾಗಲಿಲ್ಲ. ಮೂರನೆಯ ದಿನ ಗೋಡೆ ತುಂಬ ಕೆಂಪಿರುವೆ ಹರಿದಾಡುವುದು ಕಾಣಿಸಿತು. ಹೊದಿಕೆ ಝಾಡಿಸುತ್ತಲೇ ಇದ್ದೆನಂತೆ. ಮನೆಯವರು ಗಾಳಿ ಸೋಕಿದೆ ಎಂದು ದೇವರು ಹೇಳುವವರ ಹತ್ತಿರ ಕರೆದೊಯ್ದರು, ಒಂದು ಹಗಲು ಅಲ್ಲೇ ಕಳೆಯಿತು. ಆಸ್ಪತ್ರೆಗೆ ತಂದ ರಾತ್ರಿ ಡಾಕ್ಟರು ನನ್ನ ಹೆಂಡತಿಗೆ, ಇನ್ನಷ್ಟು ತಡ ಮಾಡಿದ್ದರೆ ನಿಮ್ಮ ಯಜಮಾನರು ಉಳಿಯುತ್ತಿರಲಿಲ್ಲ ಎಂದು ನೇರವಾಗಿ ಹೇಳಿದರು.

ಅದು ದೆವ್ವವೂ ಅಲ್ಲ, ನಾಟಕವೂ ಅಲ್ಲ. ಕುಡಿತಕ್ಕೆ ಒಗ್ಗಿಹೋದ ಮಿದುಳಿಗೆ ಅದು ತಟ್ಟನೆ ಸಿಗದಿದ್ದರೆ ಹಾಗಾಗುತ್ತದೆ. ಆರೆಂಟು ತಾಸಿನಲ್ಲಿ ನಡುಕ, ಬೆವರು ಶುರು. ಮೊದಲ ಎರಡು ದಿನಗಳಲ್ಲಿ ಫಿಟ್ಸ್ ಬರಬಹುದು. ಎರಡರಿಂದ ನಾಲ್ಕನೆಯ ದಿನದೊಳಗೆ ಭ್ರಮೆ, ಬಡಬಡಿಕೆ ಕಾಣಿಸಬಹುದು. ಡಾಕ್ಟರು ಕೊಡುವ ಗುಳಿಗೆ, ಬಿ1 ವಿಟಮಿನ್ ಇಂಜೆಕ್ಷನ್ ಇವಕ್ಕೆ ಮದ್ದು. ಆದ್ದರಿಂದ ಮೊದಲು ಆಸ್ಪತ್ರೆ, ಆಮೇಲೆ ಸಭೆ. ಜಿಲ್ಲಾ ಆಸ್ಪತ್ರೆಯಲ್ಲಿ ಮನೋರೋಗ ವಿಭಾಗವಿದೆ. ತಾಲೂಕು ಆಸ್ಪತ್ರೆಗಳಿಗೆ ಮನೋಚೈತನ್ಯ ಕಾರ್ಯಕ್ರಮದಡಿ ಮಂಗಳವಾರ ಮನೋವೈದ್ಯರು ಬರುತ್ತಾರೆ, ಹೋಗುವ ಮುಂಚೆ ಒಮ್ಮೆ ವಿಚಾರಿಸಿಕೊಳ್ಳಿ. ಧಾರವಾಡದಲ್ಲಿ ಡಿಮ್ಹಾನ್ಸ್ ಎಂಬ ಮಾನಸಿಕ ಆರೋಗ್ಯ ಸಂಸ್ಥೆ ಇದೆ. ಹುಚ್ಚರ ಆಸ್ಪತ್ರೆ ಎಂದು ಹಿಂಜರಿಯಬೇಡಿ. ನಾನು ಅಲ್ಲಿಂದ ಮನುಷ್ಯನಾಗಿ ಹೊರಗೆ ಬಂದೆ.

ಇನ್ನೊಂದು. ಸಾರಿನಲ್ಲಿ, ಚಹಾದಲ್ಲಿ ಅವನಿಗೆ ತಿಳಿಯದಂತೆ ಗುಳಿಗೆ ಹಾಕಿರಿ ಎಂದು ಹೇಳುವವರಿದ್ದಾರೆ. ಕೈಮುಗಿದು ಹೇಳುತ್ತೇನೆ, ಹಾಕಬೇಡಿ. ಡೈಸಲ್ಫಿರಾಮ್ ಎಂಬ ಆ ಗುಳಿಗೆ ಹೊಟ್ಟೆಯಲ್ಲಿದ್ದಾಗ ಕುಡಿದರೆ ವಾಂತಿಯಾಗಿ, ರಕ್ತದೊತ್ತಡ ಕುಸಿದು ಪ್ರಾಣ ಹೋಗಬಹುದು. ಅದನ್ನು ತೆಗೆದುಕೊಳ್ಳುವವನಿಗೆ ಗೊತ್ತಿರಬೇಕು, ಡಾಕ್ಟರ ಕಣ್ಣೆದುರು ಇರಬೇಕು.

ಈಗ ಜಾಗದ ಮಾತು.

ಕೇಂದ್ರ ಸರ್ಕಾರ 2019ರಲ್ಲಿ ದೇಶದ ಕುಡಿತ, ಮಾದಕ ವಸ್ತುಗಳ ಬಳಕೆಯ ಮೇಲೆ ಒಂದು ದೊಡ್ಡ ಸಮೀಕ್ಷೆಯ ವರದಿ ಪ್ರಕಟಿಸಿತು. ಕುಡಿತಕ್ಕೆ ಅಂಟಿಕೊಂಡವರಲ್ಲಿ ಯಾವುದಾದರೂ ಚಿಕಿತ್ಸೆ ಸಿಕ್ಕಿದ್ದು ಸುಮಾರು 38 ಮಂದಿಯಲ್ಲಿ ಒಬ್ಬರಿಗೆ. ಈ ಮುಂದಿನ ಮೂರು ಸಾಲು ಕುರ್ಚಿಗಳನ್ನು ಎಣಿಸಿದೆ, ಹೆಚ್ಚುಕಡಿಮೆ ಅಷ್ಟೇ ಇವೆ. ಅದರಲ್ಲಿ ಒಂದು ಕುರ್ಚಿಯವನಿಗೆ ಮಾತ್ರ ದಾರಿ ಸಿಕ್ಕಿತು ಅಂದಂತಾಯಿತು. ಉಳಿದವರಿಗೆ ದಾರಿ ಇಲ್ಲವೆಂದಲ್ಲ, ಇದೆ ಅನ್ನುವುದು ಗೊತ್ತಿಲ್ಲ. ಗೊತ್ತಿದ್ದರೂ ಕಾಲು ಏಳುವುದಿಲ್ಲ.

ಎಎ ಸಭೆಗೆ ಬೋರ್ಡ್ ಹಾಕಿರುವುದು ಕಡಿಮೆ. ಹುಡುಕಬೇಕು. ಮನೋವೈದ್ಯರನ್ನು, ಅವರ ಜೊತೆಗಿರುವ ಆಪ್ತಸಮಾಲೋಚಕರನ್ನು ಕೇಳಿ. 14446 ನಶಾಮುಕ್ತಿಯ ಸಹಾಯವಾಣಿ, 14416 ಟೆಲಿ ಮಾನಸ್ ಎಂಬ ಮಾನಸಿಕ ಆರೋಗ್ಯದ ಸಹಾಯವಾಣಿ. ಎರಡಕ್ಕೂ ದುಡ್ಡಿಲ್ಲ, ಟೆಲಿ ಮಾನಸ್‌ನಲ್ಲಿ ಕನ್ನಡದಲ್ಲಿ ಮಾತಾಡಬಹುದು. ಧರ್ಮಸ್ಥಳದ ಜನಜಾಗೃತಿ ವೇದಿಕೆಯವರು ಊರೂರಲ್ಲಿ ಮದ್ಯವರ್ಜನ ಶಿಬಿರ ನಡೆಸುತ್ತಾರೆ. ಶಿಬಿರ ಮುಗಿಸಿದವರು ನವಜೀವನ ಸಮಿತಿ ಮಾಡಿಕೊಂಡು ಕೂಡುತ್ತಾರೆ. ಇಲ್ಲಿ ಸ್ವಸಹಾಯ ಸಂಘದ ಅಕ್ಕಂದಿರು ಬಹಳ ಜನ ಇದ್ದೀರಿ, ನಿಮ್ಮ ಸೇವಾಪ್ರತಿನಿಧಿಗಳಿಗೆ ಅದು ಗೊತ್ತಿರುತ್ತದೆ. ಇದು ಸರಿ, ಅದು ತಪ್ಪು ಎಂದು ನಾನು ಹೇಳುವುದಿಲ್ಲ. ಹತ್ತಿರ ಯಾವುದಿದೆಯೋ ಅಲ್ಲಿಗೆ ಹೋಗಿ. ಎಲ್ಲಕ್ಕಿಂತ ಒಳ್ಳೆಯ ವಿಳಾಸ ಅಂದರೆ ನಿಮ್ಮ ಓಣಿಯಲ್ಲಿ ಕುಡಿತ ಬಿಟ್ಟ ಮನುಷ್ಯ. ಅವನ ಮನೆಗೆ ಹೋಗಿ ಕೇಳಿ, ನಿಮ್ಮನ್ನು ಬರಿಗೈಲಿ ಕಳಿಸಲಾರ.

ಮೋಸದ ಜಾಗಗಳೂ ಇವೆ. ಏಳು ದಿನದಲ್ಲಿ ಗ್ಯಾರಂಟಿ ಅಂದವರನ್ನು ನಂಬಬೇಡಿ. ಡಾಕ್ಟರ ಗುಳಿಗೆ ಒಗೆಯಿರಿ ಅನ್ನುವವರಿಂದ ದೂರ ಇರಿ. ಸರಪಳಿ ಹಾಕುವ, ಹೊಡೆಯುವ ಕಡೆ ನಿಮ್ಮವರನ್ನು ಬಿಟ್ಟು ಬರಬೇಡಿ. ಸರಪಳಿ ಹಾಕುವುದನ್ನು 2017ರ ಮಾನಸಿಕ ಆರೋಗ್ಯ ಕಾಯ್ದೆ ನಿಷೇಧಿಸಿದೆ. ಎಎ ಸಭೆಯಲ್ಲಿ ಫೀ ಇಲ್ಲ, ಫಾರ್ಮ್ ಇಲ್ಲ, ಹಾಜರಿ ಇಲ್ಲ. ಕುಡಿತ ಬಿಡಬೇಕೆಂಬ ಆಸೆ ಇದ್ದರೆ ಸಾಕು. ಬಿಟ್ಟಿರಬೇಕು ಅಂತಲೂ ಇಲ್ಲ.

ಹತ್ತಿರದ ಕಡೆಗೆ ಹೋಗಿ ಎಂದು ನಿಮಗೆ ಹೇಳಿದೆ, ಆದರೂ ನಾನು ಮೊದಲ ಸಭೆಗೆ ಬೆಳಗಾವಿಗೆ ಹೋದೆ. ಯರಗಟ್ಟಿ ಮೇಲಿಂದ ಮೂರು ತಾಸಿನ ಬಸ್ ಪ್ರಯಾಣ. ಯಾಕೆಂದರೆ ಅಲ್ಲಿ ನನ್ನನ್ನು ಯಾರೂ ಗುರುತಿಸುವುದಿಲ್ಲ ಎಂಬ ಧೈರ್ಯ. ಚರಂಡಿಯ ಬದಿ ಬಿದ್ದಾಗ ಊರೆಲ್ಲ ನೋಡಿತ್ತು, ಆಗ ಅನ್ನಿಸದ ನಾಚಿಕೆ ಬಿಡಲು ಹೊರಟಾಗ ಅನ್ನಿಸಿತು. ಈ ನಾಚಿಕೆ ಎಷ್ಟು ಜನರನ್ನು ತಿಂದಿದೆಯೋ.

ಶಾಲೆಯೊಂದರ ಹಿಂದಿನ ಕೋಣೆ ಅಂದಿದ್ದರು. ಆ ಬೀದಿಯಲ್ಲಿ ಎರಡು ಸಲ ಅತ್ತಿಂದಿತ್ತ ನಡೆದೆ. ಬಾಗಿಲು ಅರ್ಧ ತೆರೆದಿತ್ತು, ಹೊರಗೆ ಚಪ್ಪಲಿಗಳಿದ್ದವು. ಒಳಗೆ ಹೋಗುವ ಧೈರ್ಯ ಸಾಲದೆ ಚಪ್ಪಲಿ ಎಣಿಸುತ್ತ ನಿಂತೆ. ಒಂಬತ್ತು ಜೊತೆ. ಹವಾಯಿ ಚಪ್ಪಲಿ, ಹಿಮ್ಮಡಿ ಸವೆದ ಕೊಲ್ಹಾಪುರಿ, ಪಾಲಿಶ್ ಮಾಡಿದ ಕಂದು ಬಣ್ಣದ ಪೊಲೀಸ್ ಬೂಟು, ಒಂದು ಹೆಣ್ಣುಮಗಳ ಚಪ್ಪಲಿ. ಪೊಲೀಸರೂ ಬರುತ್ತಾರಾ, ಹೆಣ್ಣುಮಕ್ಕಳೂ ಬರುತ್ತಾರಾ ಎಂದುಕೊಂಡೆ. ಹತ್ತನೆಯದನ್ನು ಬಿಚ್ಚಿಟ್ಟೆ.

ಒಳಗೆ ಪ್ಲಾಸ್ಟಿಕ್ ಕುರ್ಚಿ, ಮೇಜಿನ ಮೇಲೆ ಚಹಾದ ಫ್ಲಾಸ್ಕ್. ಎದುರಿನ ಕುರ್ಚಿಯಲ್ಲಿ ನಮ್ಮ ಕಡೆಯವರೇ ಒಬ್ಬರು ಕೂತಿದ್ದರು. ವರ್ಷಗಳಿಂದ ಮುಖ ಪರಿಚಯ. ಯಾರು, ಏನು ಕೆಲಸ ಎಂದು ಹೇಳುವುದಿಲ್ಲ, ಅಲ್ಲಿ ಕಂಡದ್ದು ಅಲ್ಲೇ ಉಳಿಯಬೇಕು. ಇಬ್ಬರ ಎದೆಯೂ ಧಸಕ್ ಎಂದಿರಬೇಕು. ನಾನು ತಪ್ಪಿಸಿಕೊಳ್ಳಲು ಮೂರು ತಾಸು ಬಂದಿದ್ದೆ, ಅವರೂ ಅದಕ್ಕೇ ಬಂದಿದ್ದರು. ಅವರು ಎದ್ದು ಪಕ್ಕದ ಕುರ್ಚಿ ಎಳೆದು, "ಕುಂದರ್ರಿ ಅಣ್ಣಾರ" ಅಂದರು.

ಸಭೆ ಅಂದರೆ ಇಷ್ಟೇ. ಒಂದು ಕ್ಷಣ ಮೌನ. ಬದಲಿಸಲಾಗದ್ದನ್ನು ಒಪ್ಪುವ ಸಮಾಧಾನ, ಬದಲಿಸಬಲ್ಲದ್ದನ್ನು ಬದಲಿಸುವ ಧೈರ್ಯ, ಎರಡನ್ನೂ ಬೇರ್ಪಡಿಸಿ ನೋಡುವ ತಿಳಿವಳಿಕೆ ಕೊಡು ಎಂಬ ಸಣ್ಣ ಪ್ರಾರ್ಥನೆ. ಯಾವ ದೇವರು ಎಂದು ಯಾರೂ ಕೇಳುವುದಿಲ್ಲ. ಇಷ್ಟಲಿಂಗ ಕಟ್ಟಿದವರಿದ್ದರು, ತಸಬಿ ಹಿಡಿದವರಿದ್ದರು, ದೇವರನ್ನು ನಂಬದವರೂ ಒಬ್ಬರಿದ್ದರು. ಆಮೇಲೆ ಒಬ್ಬೊಬ್ಬರೇ ತಮ್ಮ ಕಥೆ ಹೇಳುತ್ತಾರೆ, ಒಬ್ಬರು ಕನ್ನಡದಲ್ಲಿ, ಒಬ್ಬರು ಮರಾಠಿಯಲ್ಲಿ. ನಡುವೆ ಬಾಯಿ ಹಾಕುವಂತಿಲ್ಲ, ಬುದ್ಧಿ ಹೇಳುವಂತಿಲ್ಲ. ಕೊನೆಗೆ ಒಂದು ಡಬ್ಬಿ ಬರುತ್ತದೆ, ಇದ್ದವರು ಹತ್ತಿಪ್ಪತ್ತು ರೂಪಾಯಿ ಹಾಕುತ್ತಾರೆ. ಕೋಣೆಯ ಬಾಡಿಗೆಗೆ, ಚಹಾಕ್ಕೆ ಅದೇ. ಹೊರಗಿನವರ ದೇಣಿಗೆ ತೆಗೆದುಕೊಳ್ಳುವುದಿಲ್ಲ.

ನಾನು ಅವತ್ತು ಬಾಯಿ ಬಿಡಲಿಲ್ಲ. ಬಿಡಬೇಕೆಂದೂ ಇಲ್ಲ. ಹೊಸಬರು ಸುಮ್ಮನೆ ಕೂತು ಬರಬಹುದು. ಆದರೆ ಒಬ್ಬ ಹಿರಿಯರು ಮಗಳ ಲಗ್ನಕ್ಕೆ ಕೂಡಿಟ್ಟಿದ್ದ ದುಡ್ಡನ್ನು ಗೋಧಿಯ ಡಬ್ಬಿಯಿಂದ ತೆಗೆದ ಕಥೆ ಹೇಳಿದರು. ನಮ್ಮ ಮನೆಯಲ್ಲಿ ಅದು ಜೋಳದ ಡಬ್ಬಿ, ಉಳಿದದ್ದೆಲ್ಲ ಅದೇ. ಹದಿನೇಳು ವರ್ಷದಲ್ಲಿ ಮೊದಲ ಸಲ, ನನ್ನಂಥವನು ನಾನೊಬ್ಬನೇ ಅಲ್ಲ ಅನ್ನಿಸಿತು. ಹೊರಡುವಾಗ ಅವರು ನನ್ನ ಬಸ್ ಟಿಕೆಟಿನ ಹಿಂದೆ ಫೋನ್ ನಂಬರ್ ಬರೆದುಕೊಟ್ಟು, "ಕುಡಿದ ಮ್ಯಾಲ ಮಾಡಬ್ಯಾಡ ತಮ್ಮಾ, ಕುಡಿಯೂಕಿಂತ ಮೊದಲ ಮಾಡು" ಅಂದರು.

ಮೂರನೆಯ ದಿನ ಏಳು ಗಂಟೆಗೆ ಗೇಟಿನ ಎದುರು ನಿಂತಿದ್ದೆ. ಒಂದು ಕೈಯಲ್ಲಿ ನೂರರ ನೋಟು, ಇನ್ನೊಂದರಲ್ಲಿ ಫೋನು. ಮಾಡಿದೆ. ಉಪದೇಶ ಬರುತ್ತದೆ ಎಂದುಕೊಂಡಿದ್ದೆ. ಅವರು ಕೇಳಿದ ಮೊದಲ ಮಾತು, "ಉಂಡೀಯೇನು?"

ಮಧ್ಯಾಹ್ನದಿಂದ ಏನೂ ತಿಂದಿರಲಿಲ್ಲ. "ಮೊದಲ ಮನೀಗೆ ಹೋಗಿ ಎರಡು ರೊಟ್ಟಿ ತಿನ್ನು. ತಿಂದು ನನಗ ಫೋನ್ ಮಾಡು. ಆಮ್ಯಾಲೂ ಕುಡೀಬೇಕನಿಸಿದ್ರ ಮಾತಾಡೋಣು." ಹೋದೆ. ರೊಟ್ಟಿ, ಶೇಂಗಾ ಹಿಂಡಿ, ಮೊಸರು. ತಿನ್ನುತ್ತ ತಿನ್ನುತ್ತ ಆ ಸೆಳೆತ ಅರ್ಧಕ್ಕಿಳಿಯಿತು. ಹಸಿವು, ಸಿಟ್ಟು, ಒಂಟಿತನ, ದಣಿವು, ಈ ನಾಲ್ಕರಲ್ಲಿ ಯಾವುದಿದೆ ನೋಡಿಕೋ ಎಂದು ಅವರು ಆಮೇಲೆ ಕಲಿಸಿದರು. ಜೀವಮಾನವಿಡೀ ಬಿಡುತ್ತೇನೆ ಅನ್ನಬೇಡ, ಇವತ್ತೊಂದು ದಿನ ಬೇಡ ಅನ್ನು ಎಂದೂ ಕಲಿಸಿದರು.

ಎಎ ಹುಟ್ಟಿದ್ದೂ ಒಂದು ಫೋನಿನಿಂದಲೇ. 1935ರಲ್ಲಿ ಅಮೆರಿಕದ ಆಕ್ರನ್ ಎಂಬ ಊರಿಗೆ ಬಿಲ್ ಎಂಬ ಶೇರು ವ್ಯಾಪಾರಿ ಬಂದಿದ್ದ. ಕುಡಿತ ಬಿಟ್ಟು ಕೆಲವೇ ತಿಂಗಳಾಗಿತ್ತು. ಬಂದ ವ್ಯವಹಾರ ಮುರಿದುಬಿತ್ತು, ಪರಊರು, ಹೋಟೆಲಿನೊಳಗೇ ಬಾರು. ಅವನು ಬಾರಿಗೆ ಹೋಗದೆ ಫೋನಿಗೆ ಹೋಗಿ ಒಂದೊಂದೇ ನಂಬರು ತಿರುಗಿಸಿ, ಮಾತಾಡಲು ಇನ್ನೊಬ್ಬ ಕುಡುಕನನ್ನು ಹುಡುಕಿದ. ಸಿಕ್ಕವರು ಬಾಬ್ ಎಂಬ ಸರ್ಜನ್ ಡಾಕ್ಟರು. ಬಾಬ್ ಕೊನೆಯ ಸಲ ಕುಡಿದ ಜೂನ್ 10ನ್ನೇ ಎಎ ತನ್ನ ಹುಟ್ಟುದಿನವೆಂದು ಎಣಿಸುತ್ತದೆ. ಗಮನಿಸಿ, ಬಿಲ್ ಹೊರಟದ್ದು ಆ ಡಾಕ್ಟರನ್ನು ಉದ್ಧಾರ ಮಾಡಲು ಅಲ್ಲ, ತಾನು ಅವತ್ತು ಕುಡಿಯದೆ ಉಳಿಯಲು. 1957ರಲ್ಲಿ ಅದು ಮುಂಬೈಗೆ ಬಂತು. ನಮ್ಮ ಟಿಕೆಟಿನ ಹಿಂದೆ ನಂಬರು ಬರೆದುಕೊಟ್ಟ ಹಿರಿಯರೂ ಅದೇ ಸರಪಳಿಯವರು.

ಎಲ್ಲ ಸಲೀಸಾಗಿ ನಡೆಯಲಿಲ್ಲ. ನಾಲ್ಕು ತಿಂಗಳಾದ ಮೇಲೆ ಇಲ್ಲಿಯ ಹೋಳಿಗೆ ಬಂದೆ. ಬಾಗಲಕೋಟೆಯ ಹೋಳಿ ನಿಮಗೆ ಗೊತ್ತು, ಹಲಗಿ ಸಪ್ಪಳ, ಬಂಡಿಯ ಮೇಲೆ ಬಣ್ಣದ ಬ್ಯಾರಲ್ಲು, ಹಳೆಯ ಗೆಳೆಯರು. ಒಂದೇ ಗ್ಲಾಸು ಅಂದರು. ಐದು ದಿನ ಮನೆಗೆ ಹೋಗಲಿಲ್ಲ. ಮತ್ತೆ ಆ ಕೋಣೆಗೆ ಹೋಗುವಾಗ ಮೊದಲ ದಿನಕ್ಕಿಂತ ಕಾಲು ಭಾರ. ಬೈಗುಳಕ್ಕೆ ಸಿದ್ಧನಾಗಿದ್ದೆ. "ಬಂದ್ಯಲ್ಲ, ಛಲೋ ಆತು" ಅಂದರು, ಚಹಾ ಕೊಟ್ಟರು. ಒಂದರಿಂದ ಮತ್ತೆ ಎಣಿಸಿದೆ. ಈಗಲೂ ಹೋಳಿಯ ಐದೂ ದಿನ ನಮ್ಮ ಗುಂಪಿನವರು ಸಂಜೆ ಒಂದೇ ಕಡೆ ಕೂಡುತ್ತೇವೆ.

ಮನೆಯವರ ಮಾತು ಹೇಳದಿದ್ದರೆ ಅರ್ಧ ಮಾತಾಡಿದಂತೆ. ನನ್ನ ಹೆಂಡತಿ ವರ್ಷಗಟ್ಟಲೆ ಕಾರ್ಖಾನೆಗೆ ಫೋನ್ ಮಾಡಿ "ಇವರಿಗೆ ಜ್ವರಾ ಬಂದಾವ್ರಿ" ಎಂದು ಸುಳ್ಳು ಹೇಳಿ ನನ್ನ ನೌಕರಿ ಕಾದಳು. ನಾನು ಕುಡಿಯುವುದು ತನ್ನ ತಪ್ಪಿನಿಂದ ಎಂದು ನಂಬಿದ್ದಳು, ನಮ್ಮ ಬಂಧುಗಳೇ ಹಾಗೆ ನಂಬಿಸಿದ್ದರು. ಕುಡಿಯುವವರ ಮನೆಯವರಿಗೆಂದೇ 1951ರಲ್ಲಿ ಶುರುವಾದ ಅಲ್-ಅನಾನ್ ಎಂಬ ಗುಂಪಿದೆ. ಅದನ್ನು ಕಟ್ಟಿದವರಲ್ಲಿ ಒಬ್ಬರು ಆ ಬಿಲ್ಲರ ಹೆಂಡತಿ. ಫೋನಿನ ಮೂಲಕ ಅಂಥ ಸಭೆಯೊಂದರಲ್ಲಿ ಕೂತ ದಿನ ನನ್ನ ಹೆಂಡತಿ ಹಿತ್ತಲಿನಲ್ಲಿ ಅರ್ಧ ತಾಸು ಅತ್ತಳು. ಕುಡಿತ ತರಿಸಿದವಳು ನೀನಲ್ಲ, ಬಿಡಿಸುವುದೂ ನಿನ್ನ ಕೈಲಿಲ್ಲ ಎಂದು ಅಲ್ಲಿ ಯಾರೋ ಹೇಳಿದ್ದರು. ಅವತ್ತಿನಿಂದ ಜ್ವರದ ಫೋನ್ ನಿಂತಿತು. ನಾನು ಸಿಟ್ಟಾದೆ. ಈಗ ಹೇಳುತ್ತೇನೆ, ಅವಳು ಆ ಸುಳ್ಳು ನಿಲ್ಲಿಸದಿದ್ದರೆ ನಾನು ಯರಗಟ್ಟಿಯ ಬಸ್ಸು ಹತ್ತುತ್ತಿರಲಿಲ್ಲ. ಹೊಡೆತ ಬಡಿತ ಇರುವ ಮನೆಯವರು ಯಾವ ಸಭೆಗೂ ಕಾಯಬೇಡಿ. 181ಕ್ಕೆ, 112ಕ್ಕೆ ಫೋನ್ ಮಾಡಿ, ಮಕ್ಕಳನ್ನು ಕರೆದುಕೊಂಡು ಹೊರಗೆ ಬನ್ನಿ.

ನಮ್ಮೂರಲ್ಲಿ ಸಭೆಯೇ ಇಲ್ಲವಲ್ಲ ಅನ್ನುವವರಿಗೆ ಒಂದು ಮಾತು. ಬೆಳಗಾವಿಯಲ್ಲಿ ಕುರ್ಚಿ ಎಳೆದುಕೊಟ್ಟ ಆ ಮನುಷ್ಯ ಮತ್ತು ನಾನು ಎರಡು ವರ್ಷ ಒಂದೇ ಬಸ್ಸಿನಲ್ಲಿ ಹೋಗಿ ಬಂದೆವು. ಆಮೇಲೆ, ಇಬ್ಬರು ಮೂವರು ಕೂಡಿದರೂ ಅದು ಗುಂಪೇ ಎಂದು ಎಎಯ ನಿಯಮವೇ ಇದೆ, ನಮ್ಮ ಕಡೆಯೇ ಯಾಕೆ ಕೂಡಬಾರದು ಎಂದುಕೊಂಡೆವು. ಒಂದು ಕೋಣೆ ಬಾಡಿಗೆಗೆ ಹಿಡಿದೆವು. ಭಾನುವಾರ, ಸಂಜೆ ಏಳು. ವಾರ ಬದಲಿಸಲಿಲ್ಲ, ಹೊತ್ತು ಬದಲಿಸಲಿಲ್ಲ. ಕುಡಿಯಬೇಕೆನಿಸಿದವನು ಬಾಗಿಲು ತೆರೆದಿದೆಯೋ ಇಲ್ಲವೋ ಎಂದು ಯೋಚಿಸುವಂತಾಗಬಾರದು. ಮೊದಲ ಎಂಟು ವಾರ ನಾವಿಬ್ಬರೇ. ಅವರಿಗೆ ಜ್ವರ ಬಂದ ವಾರ ನಾನೊಬ್ಬನೇ ಒಂದು ತಾಸು ಬಾಗಿಲು ತೆರೆದು ಕೂತೆ. ಒಂಬತ್ತನೆಯ ವಾರ ಹೊರಗೆ ಮೂರನೆಯ ಜೊತೆ ಚಪ್ಪಲಿ ಬಂತು.

ಪ್ರಶ್ನೆ ಕೇಳಬಹುದು ಎಂದಾಗ ಮೊದಲು ಯಾರೂ ಏಳಲಿಲ್ಲ. ಆಮೇಲೆ ಹಿಂದಿನ ಸಾಲಿನಿಂದ ಕಾಲೇಜಿನ ಹುಡುಗನೊಬ್ಬ ಎದ್ದ. "ಸರ, ನಮ್ಮಪ್ಪ ಕುಡದ ಬಂದ್ರೂ ಒಳಗ ಬಿಡ್ತೀರೇನ್ರಿ?"

ಬಿಡುತ್ತೇವೆ. ಬಾಗಿಲ ಹತ್ತಿರ ಒಂದು ಕುರ್ಚಿ ಅದಕ್ಕೆಂದೇ ಇರುತ್ತದೆ. ಗದ್ದಲ ಮಾಡದೆ ಕೂತರೆ ಸಾಕು. ಅವತ್ತು ಮಾತಾಡಬಾರದು, ಕೇಳಬಹುದು. ಚಹಾ ಕೊಡುತ್ತೇವೆ. ಕೈ ನಡುಗುತ್ತಿದ್ದರೆ ಅರ್ಧ ಗ್ಲಾಸಿಗೇ ಹಾಕುತ್ತೇವೆ, ಚೆಲ್ಲುವುದಿಲ್ಲ. ನಿದ್ದೆ ಹೋದರೆ ಸಭೆ ಮುಗಿದ ಮೇಲೆ ಎಬ್ಬಿಸಿ, ನಮ್ಮಲ್ಲೊಬ್ಬರು ಮನೆ ತನಕ ಬರುತ್ತೇವೆ.

"ಅವ ಬರಲಿಲ್ಲಂದ್ರ?"

"ನೀ ಬಾ ತಮ್ಮಾ. ನಿಂದ ಬ್ಯಾರೆ ಕುರ್ಚಿ ಹಾಕ್ತೀವಿ. ನಮ್ಮ ಮನಿಯಾಕೀನೂ ಬರ್ತಾಳ, ಆಕೀ ಸಂಗತಿ ಮಾತಾಡು."

ಅವನು ಕೂತು, ನೋಟ್‌ಬುಕ್ಕಿನ ಕೊನೆಯ ಪುಟ ತೆರೆದು, ಭಾನುವಾರ ಏಳು ಗಂಟೆ ಎಂದು ಬರೆದುಕೊಂಡ. ಆಮೇಲೆ ಮತ್ತೆ ಎದ್ದು ಕೋಣೆಯ ಗುರುತು ಕೇಳಿದ.